ಎಂಟು ಕಾಲಿನ ಫ್ರೆಂಚ್ ಸೋಫಾ

ಆ ಸೋಫಾ ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವವರಲ್ಲಿ ಯಾರೊಬ್ಬರೂ ಈ ಮಾತು ಒಪ್ಪುವುದಿಲ್ಲ. ಹೆತ್ತ ತಾಯಿಯೇ ಒಪ್ಪಿಲ್ಲ, ಇನ್ನು ಮೂರನೇ ಮಹಡಿಯ ಮೇಷ್ಟ್ರು ಒಪ್ಪುತ್ತಾರೆಯೇ?

ನಾನು ಎಂಟನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಒಂದು ಪೀಠೋಪಕರಣದ ಅಂಗಡಿಯ ಹಿಂದಿನ ಶೆಡ್ಡು ಸೇರಿದವನು. ಹನ್ನೊಂದು ವರ್ಷವಾಯಿತು. ಲೋಕದ ಬಡಗಿಗಳೆಲ್ಲ ಹಳೆಯದನ್ನು ಹೊಸದು ಮಾಡಿದರೆ ನಮ್ಮ ಶೆಡ್ಡಿನಲ್ಲಿ ಹೊಸದನ್ನು ಹಳೆಯದು ಮಾಡುತ್ತೇವೆ. ಮೊದಲು ಒಂದು ಬಣ್ಣ. ಅದು ಒಣಗಿದ ಮೇಲೆ ಜನರ ಕೈ ತಾಗುವ ಮೂಲೆಗಳಿಗೆ ಮಾತ್ರ ಮೇಣದಬತ್ತಿ ಉಜ್ಜುವುದು. ಅದರ ಮೇಲೆ ಇನ್ನೊಂದು ಬಣ್ಣ. ಆಮೇಲೆ ಕೆರೆದರೆ ಮೇಣ ಇದ್ದಲ್ಲೆಲ್ಲ ಮೇಲಿನ ಬಣ್ಣ ಕಿತ್ತು ಬಂದು, ನಾಲ್ಕು ತಲೆಮಾರಿನವರು ಕೈಯೂರಿ ಸವೆಸಿದ ಹಾಗೆ ಕಾಣುತ್ತದೆ. ಬೀಗದ ಕೈಗೊಂಚಲಿನಿಂದ ಅಲ್ಲಲ್ಲಿ ನಾಲ್ಕು ಏಟು. ಕೊನೆಗೆ ದಬ್ಬಳದಿಂದ ಹುಳ ಕೊರೆದ ತೂತುಗಳು. ಈ ತೂತು ಹೊಡೆಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಸಾಲಾಗಿ ಹೊಡೆದರೆ ಹುಳ ಶಾಲೆಗೆ ಹೋಗಿ ಬಂದ ಹಾಗಿರುತ್ತದೆ. ನನ್ನ ಹುಳ ಮಾತ್ರ ನನ್ನ ಹಾಗೇ, ಮನಸ್ಸು ಬಂದ ಕಡೆ ಹೋಗುತ್ತದೆ.

ಒಂದು ದಿನ ಯಜಮಾನರು ಪುಸ್ತಕದಲ್ಲಿ ಚಿತ್ರ ತೋರಿಸಿ ಇಂಥದ್ದೊಂದು ಮಾಡು ಎಂದರು. ಇನ್ನೂರೈವತ್ತು ವರ್ಷದ ಹಿಂದೆ ಫ್ರೆಂಚರು ಕೂರುತ್ತಿದ್ದ ಸೋಫಾ. ನೆಟ್ಟನೆಯ ಬೆನ್ನು, ಬೆನ್ನಿನ ನೆತ್ತಿಯಲ್ಲಿ ಮರದಲ್ಲೇ ಕೆತ್ತಿದ ರಿಬ್ಬನ್ನಿನ ಗಂಟು. ಮುಂದೆ ನಾಲ್ಕು, ಹಿಂದೆ ನಾಲ್ಕು, ಒಟ್ಟು ಎಂಟು ಕಾಲು. ಮುಂದಿನ ನಾಲ್ಕೂ ಕೆಳಗಿಳಿದಂತೆ ಸಪೂರವಾಗುತ್ತ, ಮೈತುಂಬ ಉದ್ದುದ್ದ ಗೀರು. ಬೂದಿಯೂ ಅಲ್ಲದ, ನೀಲಿಯೂ ಅಲ್ಲದ ಬಣ್ಣ. ಎರಡೂವರೆ ತಿಂಗಳು ಬೆನ್ನು ಬಗ್ಗಿಸಿ ಮಾಡಿದೆ. ಯಜಮಾನರು ಅದನ್ನು ಅಂಗಡಿಯ ಗಾಜಿನ ಕಿಟಕಿಯಲ್ಲಿಟ್ಟು "ಪುರಾತನ ಫ್ರೆಂಚ್ ಶೈಲಿಯ ಬಣ್ಣದ ಆಸನ, ಆಧುನಿಕ ಮನೆಗಳಿಗೆ" ಎಂದು ಫಲಕ ಬರೆಸಿದರು. ಇದು ನಿಜವಾಗಿಯೂ ಹಳೆಯದೇ ಎಂದು ಗಿರಾಕಿಗಳು ಕೇಳಿದರೆ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎನ್ನುತ್ತಿರಲಿಲ್ಲ. ಸೋಫಾದ ಕಡೆ ನೋಡಿ ಒಂದು ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರಿನ ಮೇಲೇ ನಮ್ಮ ಅಂಗಡಿ ನಿಂತಿದೆ.

ಈಗ ಮನೆಯ ವಿಷಯ. ಅಪ್ಪ ಹೋದ ಮೇಲೆ ಅಮ್ಮ ಮತ್ತು ನಾನು ಅಕ್ಕನ ಮನೆಯಲ್ಲಿದ್ದೇವೆ. ಭಾವ ನೀರು ಸರಬರಾಜು ಕಚೇರಿಯಲ್ಲಿ ಹೆಡ್ ಕ್ಲರ್ಕ್. ನಲ್ಲಿ ತಿರುಗಿಸಿದರೆ ನೀರು ಬರುವುದು ತಮ್ಮ ಸಹಿಯಿಂದ ಎಂದು ಅವರ ನಂಬಿಕೆ. ಹೊಸದಾಗಿ ಎರಡನೇ ಮಹಡಿಯಲ್ಲಿ ಫ್ಲ್ಯಾಟು ತೆಗೆದುಕೊಂಡಿದ್ದರು. ಅವರ ಕಚೇರಿಯ ಜವಾನ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ, ಆ ಜಾಗಕ್ಕೆ ನನ್ನನ್ನು ಕೂರಿಸುವುದೆಂದು ಭಾವ, ಅಮ್ಮ ಇಬ್ಬರೂ ಸೇರಿ ತೀರ್ಮಾನಿಸಿಬಿಟ್ಟಿದ್ದರು. ನನಗೆ ಕೆಲಸ ಇದೆಯಲ್ಲ ಎಂದರೆ, ಮರ ಕೆರೆಯುವುದೂ ಒಂದು ಕೆಲಸವೇ ಎಂದು ಭಾವ ಕೇಳುತ್ತಿದ್ದರು. ಫೈಲು ಹೊರುವುದು ಕೆಲಸ, ಮರ ಕೆರೆಯುವುದು ಅಲ್ಲ. ದೊಡ್ಡ ಸಾಹೇಬರು ಒಂದು ಭಾನುವಾರ ಮನೆಗೆ ಬಂದು, ನನ್ನನ್ನು ನೋಡಿ, ಸೋಮವಾರ ಸಹಿ ಹಾಕುವುದು ಎಂದು ಗೊತ್ತಾಗಿತ್ತು. ಅವರು ಸಹಿ ಹಾಕಿದರೆ ನನ್ನ ಉಳಿ, ದಬ್ಬಳಗಳಿಗೆ ತುಕ್ಕು ಹಿಡಿದಂತೆಯೇ.

ಮರದ ಡಿಪೋಗೆಂದು ಮೂರು ದಿನ ಬೇರೆ ಊರಿಗೆ ಹೋಗಿದ್ದೆ. ತಿರುಗಿ ಬಂದು ನೋಡುತ್ತೇನೆ, ಅಂಗಡಿಯ ಕಿಟಕಿ ಖಾಲಿ. ಯಾರೋ ಆಫೀಸರು ತೆಗೆದುಕೊಂಡು ಹೋದರು, ಒಂದೇ ನಿಟ್ಟುಸಿರಿಗೆ ಬಿದ್ದರು ಎಂದು ಯಜಮಾನರು ಹೇಳಿದರು. ಖುಷಿಯಿಂದ ಮನೆಗೆ ಬಂದೆ. ಹಾಲಿನ ನಡುವೆ ನನ್ನ ಸೋಫಾ ನಿಂತಿತ್ತು.

ಭಾವ ಅದರ ಪಕ್ಕ ಎರಡೂ ಕೈ ಹಿಂದೆ ಕಟ್ಟಿ, ಯಾರೋ ಫೋಟೋ ತೆಗೆಯುತ್ತಾರೇನೋ ಎಂಬ ಹಾಗೆ ನಿಂತಿದ್ದರು. ಅಮ್ಮ, ಅಕ್ಕ, ಅಕ್ಕನ ಮಕ್ಕಳು ಎಲ್ಲ ಗೋಡೆಗೆ ಅಂಟಿಕೊಂಡು ನೋಡುತ್ತಿದ್ದರು. ಅದರ ಮೇಲೆ ಯಾರೂ ಕೂರಬಾರದು ಎಂದು ಆಗಲೇ ಆಜ್ಞೆಯಾಗಿತ್ತು. ಮನೆಯಲ್ಲಿದ್ದ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನು ಸೋಫಾಕ್ಕೆ ಅವಮಾನವಾಗುತ್ತದೆಂದು ಬಾಲ್ಕನಿಗೆ ಹಾಕಿದ್ದರಿಂದ ಎಲ್ಲರೂ ನೆಲದ ಮೇಲೆ ಕೂತು ಅದನ್ನು ತಲೆಯೆತ್ತಿ ನೋಡಬೇಕಾಗಿತ್ತು.

ನಾನು ಚಪ್ಪಲಿ ಬಿಡುತ್ತಲೇ ಹೇಳಿದೆ: "ಭಾವ, ಇದು ನಾನೇ ಮಾಡಿದ್ದು."

ಅಮ್ಮ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆಯಾ ಎಂದು ಕೇಳಿದಳು. ಭಾವ ನಕ್ಕರು. ಅವರು ಸಿಟ್ಟಾಗಿದ್ದರೂ ತಡೆದುಕೊಳ್ಳುತ್ತಿದ್ದೆ, ನಕ್ಕದ್ದಕ್ಕೆ ಮೈಯೆಲ್ಲ ಉರಿದುಹೋಯಿತು.

"ನೋಡಪ್ಪಾ, ಹೊಟ್ಟೆಕಿಚ್ಚಿಗೂ ಒಂದು ಲೆವೆಲ್ಲಿರ್ಬೇಕು" ಎಂದರು. "ಇದನ್ನ ಮಾಡಿದವನು ಸತ್ತು ಇನ್ನೂರು ವರ್ಷ ಆಗಿದೆ."

ನನ್ನ ಎದುರಿಗೇ ನನ್ನ ಸಾವಿನ ಸುದ್ದಿ ಹೇಳಿದ ಮೊದಲ ಮನುಷ್ಯ ನಮ್ಮ ಭಾವ.

ಮರುದಿನದಿಂದ ಕಟ್ಟಡದವರೆಲ್ಲ ದರ್ಶನಕ್ಕೆ ಬರತೊಡಗಿದರು. ಮೂರನೇ ಮಹಡಿಯ ನಿವೃತ್ತ ಇತಿಹಾಸದ ಮೇಷ್ಟ್ರು ಸಂಜೆ ಬಂದರೆ ರಾತ್ರಿ ಊಟಕ್ಕೆ ಅವರ ಹೆಂಡತಿ ಮೇಲಿನಿಂದ ಕೂಗುವವರೆಗೂ ಏಳುತ್ತಿರಲಿಲ್ಲ. ಇಂಥ ಸೋಫಾದ ಮೇಲೆ ರಾಣಿಯೊಬ್ಬಳು ಕೂತಿದ್ದಳು, ಅವಳ ತಲೆ ಕಡಿದರು ಎಂದರು. ಯಾರು, ಯಾಕೆ ಎಂದು ಅಕ್ಕನ ಮಗಳು ಕೇಳಿದ್ದಕ್ಕೆ, ಸೋಫಾದ ಎಡ ಕೈಹಿಡಿಯ ಮೇಲಿದ್ದ ಕಪ್ಪು ಕಲೆ ತೋರಿಸಿ ತಲೆಯಾಡಿಸಿದರು. ಅದು ನಾನು ಡಿಕಾಕ್ಷನ್ ಲೋಟ ಇಟ್ಟ ಕಲೆ. ಹಾಗೆಂದು ಹೇಳಿದೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟರೆ ರಕ್ತಕ್ಕೂ ಡಿಕಾಕ್ಷನ್ನಿಗೂ ವ್ಯತ್ಯಾಸ ತಿಳಿಯದ ಹಾಗಾಗುತ್ತದೆ ಎಂದು ಮೇಷ್ಟ್ರು ಅಮ್ಮನ ಹತ್ತಿರ ಮರುಗಿದರು. ಅಮ್ಮ ಕಣ್ಣೊರೆಸಿಕೊಂಡಳು.

ಕೆಳಗಿನ ಮನೆಯಾಕೆ ಬೇರೆ ಬಗೆ. ಆಕೆ ಕಟ್ಟಡದ ಸಂಘದ ಕಾರ್ಯದರ್ಶಿ. ಬಂದವರೆಲ್ಲ ರಿಬ್ಬನ್ನಿನ ಗಂಟು ನೋಡಿದರೆ ಆಕೆ ಬಗ್ಗಿ ತೂತುಗಳನ್ನು ನೋಡಿದಳು. ನೆಟ್ಟಗೆ ನಿಂತು, ಇದಕ್ಕೆ ಹುಳ ಹಿಡಿದಿದೆ, ಇಂದು ನಿಮ್ಮ ಸೋಫಾ, ನಾಳೆ ನನ್ನ ಬಾಗಿಲು, ನಾಡಿದ್ದು ಇಡೀ ಕಟ್ಟಡ ಎಂದಳು. ಎರಡು ದಿನದಲ್ಲಿ ಇದನ್ನು ಹೊರಗೆ ಹಾಕದಿದ್ದರೆ ಸಂಘದಿಂದ ನೋಟಿಸು ಎಂದೂ ಹೇಳಿದಳು.

ನನಗೆ ಇದೇ ಸಮಯ ಅನ್ನಿಸಿತು. ಹುಳ ಗಿಳ ಏನೂ ಇಲ್ಲ, ಅಷ್ಟೂ ತೂತು ನಾನೇ ದಬ್ಬಳದಿಂದ ಹೊಡೆದದ್ದು, ಒಟ್ಟು ನೂರ ಹನ್ನೆರಡು, ಬೇಕಾದರೆ ಕಣ್ಣು ಮುಚ್ಚಿಕೊಂಡು ಒಂದೊಂದರ ಮೇಲೂ ಬೆರಳಿಡುತ್ತೇನೆ ಎಂದೆ. ಕಣ್ಣಿಗೆ ಟವೆಲು ಕಟ್ಟಿಸಿಕೊಂಡು ಬೆರಳಿಟ್ಟೆ ಕೂಡ. ನೂರ ಹನ್ನೆರಡಕ್ಕೆ ನೂರ ಹನ್ನೆರಡು.

ಕಾರ್ಯದರ್ಶಿ ಅಕ್ಕನ ಕಡೆ ತಿರುಗಿ, "ನಿಮ್ಮ ತಮ್ಮ ಇಡೀ ದಿನ ಮನೇಲಿ ಇದನ್ನೇ ಎಣಿಸ್ತಾ ಕೂತಿರ್ತಾನಾ?" ಎಂದು ಕೇಳಿದಳು.

ಅಕ್ಕ ತಲೆ ತಗ್ಗಿಸಿದಳು. ಭಾವ, ಅದಕ್ಕೇ ಇವನನ್ನು ಕಚೇರಿಗೆ ಸೇರಿಸುತ್ತಿದ್ದೇನೆ ಎಂದರು.

ಮಾರನೆಯ ದಿನ ಹುಳಕ್ಕೆ ಔಷಧಿ ಹೊಡೆಯುವವನು ಬಂದ. ಬೆನ್ನಿಗೆ ಡಬ್ಬ, ಕೈಯಲ್ಲಿ ಡ್ರಿಲ್ಲು, ಮುಖದಲ್ಲಿ ಶಸ್ತ್ರಚಿಕಿತ್ಸೆಗೆ ಬಂದವನ ಗಾಂಭೀರ್ಯ. ಎಂಟೂ ಕಾಲಿಗೆ ಕಿವಿಯಿಟ್ಟು ಆಲಿಸಿದ. ಅವನು ಕೇಳಿಸಿಕೊಳ್ಳುವಷ್ಟು ಹೊತ್ತೂ ಮನೆಯವರು ಉಸಿರು ಬಿಗಿಹಿಡಿದಿದ್ದರು. ಅಮ್ಮ ಫ್ಯಾನು ಆರಿಸಿದಳು. ಕೊನೆಗೆ ಅವನು ಎದ್ದು ಚೀಟಿ ಬರೆದ: "ಜೀವಂತ ಹುಳಗಳು ಇಲ್ಲ. ಇದ್ದ ಹುಳಗಳು ಸುಮಾರು ನೂರು ವರ್ಷಗಳ ಹಿಂದೆ ತೀರಿಕೊಂಡಿವೆ." ಕೆಳಗೆ ಸಹಿ, ಸೀಲು.

ಭಾವ ಆ ಚೀಟಿಗೆ ಕಟ್ಟು ಹಾಕಿಸಿ ಸೋಫಾದ ಮೇಲಿನ ಗೋಡೆಗೆ ತೂಗುಹಾಕಿದರು. ನನ್ನ ಹನ್ನೊಂದು ವರ್ಷದ ಅನುಭವಕ್ಕೆ ಬೆಲೆಯಿಲ್ಲ, ಹುಟ್ಟೇ ಇರದ ಹುಳಗಳ ಮರಣಪತ್ರಕ್ಕೆ ಕಟ್ಟು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಂದದ್ದಕ್ಕೆ ಏನಾದರೂ ಮಾಡಬೇಕಲ್ಲ ಎಂದು ಅವನು ಬಲತುದಿಯ ಮುಂಗಾಲಿನ ನೆತ್ತಿಗೆ ಡ್ರಿಲ್ಲು ಇಟ್ಟ. ಅಲ್ಲಿ ಬೇಡ, ಒಳಗೆ ಕಾಲಿನ ಗೂಟ ಕೂತಿದೆ, ಅದು ತೂತಾದರೆ ಕಾಲು ನಿಲ್ಲುವುದಿಲ್ಲ ಎಂದು ಕೂಗಿಕೊಂಡೆ. ಒಳಗೆ ಏನಿದೆ ಅಂತ ನಿನಗೆ ಹೇಗೆ ಗೊತ್ತು ಎಂದು ಭಾವ ಕೇಳಿದರು. ಆ ಪ್ರಶ್ನೆಗೆ ಉತ್ತರ ಆಗಲೇ ಹತ್ತು ಸಲ ಹೇಳಿದ್ದೆ. ಹೆಬ್ಬೆರಳು ಗಾತ್ರದ ಮೂರು ತೂತು ಕೊರೆದು, ಸೀಮೆಎಣ್ಣೆ ನಾರುವ ಔಷಧಿ ತುಂಬಿ, ಪುಟ್ಟಿ ಮೆತ್ತಿ ಮುಚ್ಚಿ ಅವನು ಹೋದ.

ಉಳಿದದ್ದು ಒಂದೇ ದಾರಿ. ಅಂಗಡಿಯ ಯಜಮಾನರ ಕಾಲು ಹಿಡಿದು ಮನೆಗೆ ಕರೆತಂದೆ. ದಾರಿಯುದ್ದಕ್ಕೂ ಅವರು, ಸತ್ಯ ಹೇಳುವುದಕ್ಕೆ ನನಗೇನು ಭಯ, ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ ಎನ್ನುತ್ತಿದ್ದರು. ಒಳಗೆ ಬಂದು ಭಾವನ ಮುಖ ನೋಡಿದರು, ಗೋಡೆಯ ಮೇಲಿನ ಕಟ್ಟು ನೋಡಿದರು, ಸೋಫಾ ವಾಪಸು ಬಂದರೆ ಏನಾಗುತ್ತದೆಂದು ಮನಸ್ಸಿನಲ್ಲೇ ನೋಡಿದರು. ಇದನ್ನು ಮಾಡಿದವನು ಇವನೇನಾ ಎಂದು ಭಾವ ನೇರವಾಗಿ ಕೇಳಿದರು.

ಯಜಮಾನರು ಸೋಫಾದ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

"ಇವನು ತುಂಬ ಶ್ರದ್ಧೆಯಿಂದ ದೂಳು ಒರೆಸ್ತಾನೆ" ಎಂದರು.

ಚಹಾ ಕುಡಿದು ಹೋದರು. ಅವರನ್ನು ಬಸ್ ನಿಲ್ದಾಣದವರೆಗೆ ಬಿಟ್ಟು ಬಾ ಎಂದು ಅಮ್ಮ ನನಗೇ ಹೇಳಿದಳು.

ಭಾನುವಾರ ದೊಡ್ಡ ಸಾಹೇಬರು ಬಂದರು. ದೊಡ್ಡ ಎಂಬುದು ಅವರ ಹುದ್ದೆಗೂ ಹೊಂದುತ್ತಿತ್ತು, ಮೈಗೂ ಹೊಂದುತ್ತಿತ್ತು. ಜೊತೆಗೆ ಅವರ ಗೆಳೆಯರು, ವಸ್ತುಸಂಗ್ರಹಾಲಯದಿಂದ ನಿವೃತ್ತರಾದ ತಜ್ಞರು. ತೆಳ್ಳಗಿನ ಮನುಷ್ಯ, ಕೊರಳಿಗೆ ದಾರ ಕಟ್ಟಿದ ಭೂತಗನ್ನಡಿ. ಮೇಷ್ಟ್ರು ಕರೆಯದೆಯೇ ಬಂದು ಬಾಗಿಲ ಹತ್ತಿರ ನಿಂತಿದ್ದರು. ನನಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, ಬಾಯಿ ಬಿಡಬೇಡ, ಟ್ರೇ ಹಿಡಿದುಕೊಂಡು ನಿಂತಿರು, ಜವಾನನ ಕೆಲಸಕ್ಕೆ ಅಷ್ಟು ಸಾಕು ಎಂದು ಭಾವ ಹೇಳಿಕೊಟ್ಟಿದ್ದರು.

ತಜ್ಞರು ಮಂಡಿಯೂರಿ ಅರ್ಧ ಗಂಟೆ ನೋಡಿದರು. ಬಣ್ಣ ಸವೆದದ್ದನ್ನು ನೋಡಿ ತಲೆದೂಗಿದರು. ತೂತು ನೋಡಿ, ಈ ಜಾತಿಯ ಹುಳ ಈಗ ನಶಿಸಿಹೋಗಿದೆ ಎಂದರು. ಇಂಥ ಕೈ ಇನ್ನು ಹುಟ್ಟುವುದಿಲ್ಲ ಎಂದು ಹೇಳುವಾಗ ಅವರ ದನಿ ಗದ್ಗದವಾಯಿತು. ಆ ಕೈ ಅವರ ತಲೆಯ ಮೇಲೆ ಬಿಸ್ಕತ್ತಿನ ಟ್ರೇ ಹಿಡಿದಿತ್ತು.

ಸಾಹೇಬರಿಗೆ ಸಂತೋಷವಾಗಿ, ಹಾಗಾದರೆ ಒಂದು ಸಲ ಕೂತು ನೋಡಬೇಕಲ್ಲ ಎಂದರು. ಆವರೆಗೆ ಅದರ ಮೇಲೆ ಮನೆಯ ಬೆಕ್ಕೂ ಕೂತಿರಲಿಲ್ಲ. ಸಾಹೇಬರಿಗೆ ಬೇಡ ಎನ್ನುವವರು ಯಾರು? ಅವರು ಚಹಾದ ಕಪ್ಪು ಹಿಡಿದು ಬಲತುದಿಯಲ್ಲಿ ಕೂತರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಮೂಲೆಯ ಮುಂಗಾಲು, ಮೂರು ತೂತಿನ ಕಾಲು, ಲಟಕ್ ಎಂದಿತು. ಸಾಹೇಬರು ಅವಸರವಿಲ್ಲದೆ, ಹಡಗು ಮುಳುಗಿದ ಹಾಗೆ ಓರೆಯಾಗುತ್ತ ಹೋಗಿ ನೆಲ ಸೇರಿದರು. ಚಹಾ ಮಾತ್ರ ಕಪ್ಪಿನಲ್ಲೇ ಇತ್ತು.

ಭಾವನ ಮುಖ ಸುಣ್ಣವಾಯಿತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ತಜ್ಞರು ಸಾಹೇಬರನ್ನು ದಾಟಿಕೊಂಡು ಹೋಗಿ ಮುರಿದ ಕಾಲನ್ನು ಎತ್ತಿ ಎದೆಗೊತ್ತಿಕೊಂಡರು. ಇದಕ್ಕೆ ಜೋಡಿ ಕಾಲು ಮಾಡುವವನು ಈಗ ಭೂಮಿಯ ಮೇಲಿಲ್ಲ ಎಂದರು.

ನಾನು ಟ್ರೇ ಕೆಳಗಿಟ್ಟೆ.

"ಇದ್ದಾನೆ. ಒಂದು ವಾರ ಕೊಡಿ, ಕಾಲು ಮಾಡಿ ಕೂರಿಸ್ತೀನಿ. ಯಾವುದು ಹೊಸದು ಅಂತ ಇವರು ಗುರುತು ಹಿಡಿದ್ರೆ, ಸೋಮವಾರದಿಂದ ನಿಮ್ಮ ಕಚೇರೀಲಿ ಜೀವನವಿಡೀ ಫೈಲು ಹೊರ್ತೀನಿ. ಹಿಡೀದಿದ್ರೆ ನನ್ನನ್ನ ನನ್ನ ಪಾಡಿಗೆ ಬಿಟ್ಟುಬಿಡಿ."

ಅಮ್ಮ ಗೋಡೆಗೆ ಒರಗಿದಳು. ಭಾವ ನನ್ನನ್ನು ಒಳಗೆ ತಳ್ಳಲು ಬಂದರು. ಸಾಹೇಬರು ನೆಲದಲ್ಲೇ ಕೂತು ಚಹಾ ಗುಟುಕರಿಸಿ, ಆಗಲಿ ಎಂದರು. ಕಚೇರಿಯಲ್ಲಿ ವರ್ಷಕ್ಕೊಮ್ಮೆ ಕೂಡ ಇಂಥ ತಮಾಷೆ ಸಿಗುವುದಿಲ್ಲ ಎಂದು ಅವರ ಮುಖದಲ್ಲೇ ಬರೆದಿತ್ತು. ಮುಂದಿನ ನಾಲ್ಕೂ ಕಾಲು ಕಳಚಿ ಬೆರೆಸಿ ಕೂರಿಸಬೇಕು, ಹೊಸದು ಎಲ್ಲಿ ಕೂತಿತೆಂದು ಅಕ್ಕ ಒಬ್ಬಳೇ ನೋಡಿ ಚೀಟಿಯಲ್ಲಿ ಬರೆದು ತಮಗೆ ಕೊಡಬೇಕು ಎಂದು ಕರಾರು ಹಾಕಿದರು.

ಸೋಫಾವನ್ನು ಶೆಡ್ಡಿಗೆ ಸಾಗಿಸಿ, ವಾರವಿಡೀ ಅಲ್ಲಿಂದ ಹೊರಗೆ ಬರಲಿಲ್ಲ. ಮರವನ್ನು ಲೇಥಿಗೆ ಕೊಟ್ಟು, ಗೀರು ತೆಗೆದು, ಬಣ್ಣ, ಮೇಣ, ಬಣ್ಣ, ಕೆರೆತ. ಕೈಗೊಂಚಲಿನ ಏಟು ಎಷ್ಟು ಮೆಲ್ಲಗೆ ಹಾಕಿದೆನೆಂದರೆ ಪಕ್ಕದ ಬೆಂಚಿನವನು, ಏನಪ್ಪಾ ಮಗೂನ ತಟ್ಟಿ ಮಲಗಿಸ್ತಿದ್ದೀಯಾ ಎಂದ. ಉಳಿದ ಮೂರು ಕಾಲಿನ ಅಂಟಿಗೆ ಬಿಸಿನೀರಿನ ಬಟ್ಟೆ ಸುತ್ತಿ ಸಡಿಲಿಸಿ ಕಳಚಿದೆ.

ಶನಿವಾರ ಅಕ್ಕ ಬಂದಳು. ಆ ಶೆಡ್ಡಿಗೆ ಅವಳು ಬಂದದ್ದು ಅದೇ ಮೊದಲು. ಬೆಂಚಿನ ಮೇಲಿದ್ದ ನಾಲ್ಕು ಕಾಲನ್ನೂ ತುಂಬ ಹೊತ್ತು ನೋಡಿ, ಹೊಸದು ಯಾವುದು ಎಂದು ಕೇಳಿದಳು. ತೋರಿಸಿದೆ. ಕೈಗೆತ್ತಿಕೊಂಡು ತಿರುಗಿಸಿದಳು. ಇನ್ನೊಂದನ್ನು ಎತ್ತಿಕೊಂಡಳು.

"ಇದನ್ನ ನೀನು ಮಾಡಿದ್ದು ಅಂದ್ರೆ," ಎಂದಳು, "ಹಾಗಾದ್ರೆ ಉಳಿದದ್ದೂ..."

ಹನ್ನೊಂದು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಭಾವನ ಫೋನು ಬಂತು, ಗ್ಯಾಸಿನವನು ಬಂದಿದ್ದಾನೆ, ಪುಸ್ತಕ ಎಲ್ಲಿಟ್ಟಿದ್ದೀಯಾ ಎಂದು. ಅಲಮಾರಿನ ಮೇಲೆ, ಅಲ್ಲ, ಕೆಳಗೆ, ಅಲ್ಲ, ಹಳೆ ಬ್ಯಾಗಿನಲ್ಲಿ ಎಂದು ಐದು ನಿಮಿಷ ಮಾತಾಡಿ ಫೋನಿಟ್ಟವಳಿಗೆ ಏನು ಹೇಳುತ್ತಿದ್ದೆ ಎಂಬುದು ಮರೆತುಹೋಗಿತ್ತು. ಕಾಲು ಕೂರಿಸಿದ್ದನ್ನು ನೋಡಿ, ಚೀಟಿ ಬರೆದು ಮಡಚಿಕೊಂಡು ಹೋದಳು.

ಭಾನುವಾರ ಸೋಫಾ ಮನೆಗೆ ಮರಳಿತು, ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಷ್ಟ್ರು, ಕಾರ್ಯದರ್ಶಿ, ಔಷಧಿಯವನು, ನಮ್ಮ ಯಜಮಾನರು, ಎಲ್ಲ ಹಾಜರು. ಚೀಟಿ ಸಾಹೇಬರ ಜೇಬಿನಲ್ಲಿ. ತಜ್ಞರು ಭೂತಗನ್ನಡಿ ಹಿಡಿದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮಂಡಿಯ ಮೇಲೆ ಓಡಾಡಿದರು. ಮೂರನೇ ಕಾಲಿನ ಹತ್ತಿರ ನಿಂತರು. ಬೆರಳಾಡಿಸಿದರು. ಮತ್ತೆ ಆಡಿಸಿದರು.

"ಇದೇ" ಎಂದರು. "ಉಳಿದ ಮೂರರಲ್ಲಿ ಗುರುವಿನ ಕೈ ಕಾಣುತ್ತೆ, ಸಮಾಧಾನ ಕಾಣುತ್ತೆ. ಇದರ ಗೀರು ಆಳ. ಇದನ್ನ ಕೆತ್ತಿದವನಿಗೆ ಸಿಟ್ಟು ಬಂದಿತ್ತು."

ಭಾವ ಎಲ್ಲರಿಗೂ ಕೇಳುವ ಹಾಗೆ ಉಸಿರು ಬಿಟ್ಟು, ನಾಳೆ ಹತ್ತು ಗಂಟೆಗೆ ಕಚೇರಿಗೆ ಬಾ ಎಂದರು. ಸಾಹೇಬರು ಚೀಟಿ ಬಿಡಿಸಿ ಓದಿದರು. ಅದರಲ್ಲಿ ಎಡದಿಂದ ಮೊದಲನೆಯದು ಎಂದಿತ್ತು.

ಅಕ್ಕ ಮುಂದೆ ಬಂದು, ಹೌದು, ಮೊದಲನೆಯದೇ, ನಾನೇ ಕಣ್ಣಾರೆ ನೋಡಿದ್ದೇನೆ ಎಂದಳು.

ತಜ್ಞರ ಕಣ್ಣು ನಿಜಕ್ಕೂ ಚುರುಕು. ಮೊದಲೇ ಮಾಡಿದ್ದ ಆ ಮೂರನೇ ಕಾಲನ್ನು ಕೆತ್ತುವಾಗ ನನಗೆ ಸಿಟ್ಟು ಬಂದಿತ್ತು. ಜವಾನನ ಕೆಲಸದ ಮಾತನ್ನು ಭಾವ ಮೊದಲ ಸಲ ಎತ್ತಿದ್ದು ಅಂದು ಬೆಳಿಗ್ಗೆಯೇ. ಅದನ್ನು ಹೇಳಿದೆ. ತಜ್ಞರು ಒಂದಿಷ್ಟೂ ಕದಲಲಿಲ್ಲ. ಹಾಗಾದರೆ ನೂರು ವರ್ಷದ ಹಿಂದೆಯೇ ಯಾವನೋ ಒರಟ ಆ ಮೂರನೇ ಕಾಲನ್ನು ಬದಲಿಸಿರಬೇಕು, ಈ ಸಂಗತಿ ಇಂದು ತಮ್ಮಿಂದ ಬೆಳಕಿಗೆ ಬಂತು ಎಂದು ಪುಸ್ತಕ ತೆಗೆದು ಬರೆದುಕೊಂಡರು. ಮೇಷ್ಟ್ರು ಹೆಗಲ ಮೇಲಿಂದ ಇಣುಕಿ ತಾವೂ ಬರೆದುಕೊಂಡರು.

ಸಾಹೇಬರು ಮಾತಿಗೆ ತಪ್ಪಲಿಲ್ಲ. ಇವನನ್ನು ಮರದ ಕೆಲಸಕ್ಕೇ ಬಿಡಿ ಎಂದು ಭಾವನಿಗೆ ಹೇಳಿದರು. ಜವಾನನ ಜಾಗವನ್ನು ಮೇಷ್ಟ್ರು ಅಲ್ಲೇ, ಬಾಗಿಲು ದಾಟುವುದರೊಳಗೆ, ಎರಡು ಡಿಗ್ರಿ ಮಾಡಿ ಮನೆಯಲ್ಲಿದ್ದ ತಮ್ಮ ಮಗನಿಗೆ ಕೇಳಿ ಕೊಡಿಸಿಕೊಂಡರು. ನಮ್ಮ ಯಜಮಾನರು ಎಲ್ಲರೆದುರಿಗೂ ನನ್ನ ಬೆನ್ನು ತಟ್ಟಿ, ಇವನಿಗೆ ಕಾಲು ಮಾಡುವುದನ್ನು ನಾನೇ ಕಲಿಸಿದೆ ಎಂದರು.

ಎಲ್ಲರೂ ಹೋದ ಮೇಲೆ ಅಮ್ಮ ನನ್ನ ಪಕ್ಕ ಬಂದು ಕೂತಳು. ನೆಲದ ಮೇಲೇ. ಕಣ್ಣು ತುಂಬಿಕೊಂಡಿದ್ದಳು. ಇಷ್ಟು ವರ್ಷ ನೀನು ಅಲ್ಲಿ ಸುಮ್ಮನೆ ಹೊತ್ತು ಕಳೆಯುತ್ತಿದ್ದೀಯೆಂದುಕೊಂಡಿದ್ದೆ, ನನ್ನದೇ ತಪ್ಪು ಎಂದಳು. ಈಗಲಾದರೂ ಹೇಳಿಬಿಡೋಣ, ಇವಳು ನಂಬುತ್ತಾಳೆ ಎಂದುಕೊಂಡು ಸೋಫಾದ ಕಡೆ ಕೈ ತೋರಿಸಿದೆ.

"ಗೊತ್ತು ಬಿಡೋ" ಎಂದು ಅಮ್ಮ ನನ್ನ ಕೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು. "ಬೇಜಾರು ಮಾಡ್ಕೋಬೇಡ. ಎಂಟರಲ್ಲಿ ಒಂದು ಬಂತಲ್ಲ. ಕೈ ಕುದುರಿದ್ರೆ ಉಳಿದ ಏಳೂ ಬರುತ್ತೆ."

ಮರುದಿನ ಎಂಟು ಗಂಟೆಗೆ ಶೆಡ್ಡಿಗೆ ಹೋಗಿ ಉಳಿ ಹಿಡಿದೆ. ಆ ದಿನ ನಾನು ಹಾಕಿದ ಗೀರುಗಳೆಲ್ಲ ಬಹಳ ಆಳವಾಗಿ ಬಂದವು.